ಸ್ಮಾರಕಶಿಲೆಗಳ ಸಂಕೇತಗಳು: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆ

ಸತ್ತವರ ನೆನಪಿಗಾಗಿ ನಿಲ್ಲಿಸಿದ ಕಲ್ಲುಗಳನ್ನೂ ಸಮಾಧಿಗಳ ಮೇಲೆ ಕಟ್ಟಿದ ರಚನೆಗಳನ್ನೂ ಒಟ್ಟಾಗಿ ಸ್ಮಾರಕಶಿಲೆಗಳೆಂದು ಕರೆಯುವುದು ವಾಡಿಕೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ, ಎಂದರೆ ಬನವಾಸಿಯ ವರದಾ ನದಿಯ ದಡದಿಂದ ಸೋಂದೆ, ಬಿಳಗಿ, ಕೋಲಸಿರ್ಸಿಗಳ ಅಡಿಕೆ ತೋಟಗಳವರೆಗೆ ಹಬ್ಬಿದ ಮಲೆನಾಡಿನ ಸೀಮೆಯಲ್ಲಿ, ಈ ವರ್ಗಕ್ಕೆ ಸೇರುವ ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿ, ಬೃಂದಾವನ, ಗದ್ದುಗೆ ಎಂಬ ಪ್ರಭೇದಗಳಿವೆ. ಇವುಗಳ ಮೇಲಿನ ಸೂರ್ಯಚಂದ್ರ, ಲಿಂಗ, ಮಡಿಸಿದ ತೋಳು, ನಿಂಬೆಹಣ್ಣು, ಕಮಂಡಲು ಮುಂತಾದ ಚಿಹ್ನೆಗಳಿಗೆ ಒಂದೊಂದಾಗಿ ಅರ್ಥ ಹಚ್ಚುತ್ತ ಹೋದರೆ ಓದು ತಪ್ಪುವ ಸಂಭವವೇ ಹೆಚ್ಚು. ಒಂದು ಚಿಹ್ನೆಯ ಅರ್ಥವನ್ನು ನಿರ್ಧರಿಸುವುದು ಕಲ್ಲಿನ ಯಾವ ಪಟ್ಟಿಕೆಯಲ್ಲಿ ಅದು ಇದೆ, ಅಕ್ಕಪಕ್ಕದಲ್ಲಿ ಏನಿದೆ, ಕಲ್ಲು ಊರಿನ ಯಾವ ಜಾಗದಲ್ಲಿ ನಿಂತಿದೆ ಎಂಬ ಮೂರು ಸಂಗತಿಗಳು.

ಇವೆಲ್ಲಕ್ಕಿಂತ ಮೊದಲು ಕಲ್ಲಿನ ಅಡಿಯಲ್ಲಿ ದೇಹವಿದೆಯೇ ಎಂಬುದನ್ನು ತಿಳಿಯಬೇಕಾಗುತ್ತದೆ. ವೀರಗಲ್ಲು ಮತ್ತು ಮಾಸ್ತಿಕಲ್ಲುಗಳನ್ನು ಗೋರಿಕಲ್ಲುಗಳೆಂದು ಭಾವಿಸುವುದು ಸಾಮಾನ್ಯವಾದರೂ ಅವು ಬಹುಮಟ್ಟಿಗೆ ಹೂಳಿದ ಸ್ಥಳದ ಗುರುತುಗಳಲ್ಲ. ಊರ ಬಾಗಿಲು, ಕೆರೆಯ ಏರಿ, ಗುಡಿಯ ಅಂಗಳ, ಸೀಮೆಯ ಅಂಚು ಇಂತಹ ನಾಲ್ಕು ಜನ ಓಡಾಡುವ ಕಡೆಗಳಲ್ಲಿ ನಿಂತು ಅವು ಒಂದು ಕೃತ್ಯವನ್ನು ನೆನಪಿಸುತ್ತವೆ. ಬೃಂದಾವನ ಮತ್ತು ಗದ್ದುಗೆಗಳಾದರೋ ದೇಹವನ್ನು ಇರಿಸಿದ ನೆಲದ ಮೇಲೆಯೇ ಏಳುತ್ತವೆ. ಈ ಭೇದಕ್ಕೆ ತಕ್ಕಂತೆ ಕೆತ್ತನೆಯೂ ಬದಲಾಗುವುದು ಗಮನಾರ್ಹ: ಕೃತ್ಯವನ್ನು ನೆನಪಿಸುವ ಕಲ್ಲು ಸತ್ತವನನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರೆ, ದೇಹದ ಮೇಲೆ ನಿಂತ ರಚನೆ ಸಾಮಾನ್ಯವಾಗಿ ಆ ವ್ಯಕ್ತಿಯ ರೂಪವನ್ನು ಮರೆಮಾಡಿ ಅವನ ಜಾಗದಲ್ಲಿ ತುಳಸಿಯನ್ನೋ ಲಿಂಗವನ್ನೋ ದೇವತಾಮೂರ್ತಿಯನ್ನೋ ಇರಿಸುತ್ತದೆ.

ಈ ಸೀಮೆಯಲ್ಲಿ ಸ್ಮಾರಕಶಿಲೆಯ ಚರಿತ್ರೆ ಬಹಳ ಹಿಂದಕ್ಕೆ ಹೋಗುತ್ತದೆ. ಬನವಾಸಿಯಲ್ಲಿ ದೊರೆತ ಪ್ರಾಕೃತ ಶಾಸನವೊಂದು ಶಾತವಾಹನ ದೊರೆ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ, ಎಂದರೆ ಪಟ್ಟದರಸಿಯ, ನೆನಪಿನ ಕಲ್ಲಾಗಿದ್ದು, ಕ್ರಿ.ಶ. 2ನೆಯ ಶತಮಾನಕ್ಕೆ ಸೇರುತ್ತದೆ. ಇಂತಹ ಕಲ್ಲುಗಳಿಗೆ ಆ ಕಾಲದಲ್ಲಿ ಛಾಯಾಪ್ರಸ್ತರ, ಛಾಯಾಸ್ತಂಭ ಎಂಬ ಹೆಸರುಗಳಿದ್ದವು. ಛಾಯೆ ಎಂದರೆ ಇಲ್ಲಿ ಇಲ್ಲವಾದ ವ್ಯಕ್ತಿಯ ಪ್ರತಿರೂಪ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಇದೇ ಸಂಪ್ರದಾಯದ ಸ್ಮಾರಕಗಳು ಹಲವು ದೊರೆತಿದ್ದು, ಅವುಗಳಲ್ಲಿ ಕುಳಿತ ದಂಪತಿಗಳೂ ಎತ್ತಿನ ಗಾಡಿಗಳೂ ಒಂದರ ಮೇಲೊಂದು ಪಟ್ಟಿಕೆಗಳಲ್ಲಿ ಮೂಡಿವೆ. ಕಲ್ಲನ್ನು ಅಡ್ಡಲಾಗಿ ಭಾಗಿಸಿ ಕಥೆ ಹೇಳುವ ಮುಂದಿನ ವೀರಗಲ್ಲಿನ ಪದ್ಧತಿಗೆ ಇಲ್ಲಿ ಒಂದು ಪೂರ್ವರೂಪವನ್ನು ಕಾಣಬಹುದು. ಕನ್ನಡ ಭಾಷೆಯ ವೀರಶಾಸನಗಳು ಇದಕ್ಕಿಂತ ಈಚಿನವು. ಚಿತ್ರದುರ್ಗದ ಹತ್ತಿರದ ತಮಟಕಲ್ಲಿನಲ್ಲಿ ಗುಣಮಧುರನೆಂಬವನನ್ನು ಹೊಗಳುವ ಶಾಸನವೂ, ಸಿದ್ದಾಪುರಕ್ಕೆ ನೆರೆಯಾದ ಶಿವಮೊಗ್ಗ ಜಿಲ್ಲೆಯ ಗದ್ದೆಮನೆಯಲ್ಲಿ ಪೆಟ್ಟಣಿ ಸತ್ಯಾಂಕನು ಶೀಲಾದಿತ್ಯನ ಪರವಾಗಿ ಕಾದಿ ಮಡಿದುದನ್ನು ಹೇಳುವ ವೀರಗಲ್ಲೂ ಹಳೆಯ ಉದಾಹರಣೆಗಳಾಗಿ ಪ್ರಸಿದ್ಧವಾಗಿವೆ.

ವೀರಗಲ್ಲಿನ ಪರಿಚಿತ ರೂಪ ಕಲ್ಯಾಣ ಚಾಲುಕ್ಯರ ಮತ್ತು ಅವರ ಸಾಮಂತರಾಗಿದ್ದ ಹಾನಗಲ್ಲಿನ ಕದಂಬರ ಕಾಲದಲ್ಲಿ, ಬನವಾಸಿ ಪನ್ನಿರ್ಚ್ಛಾಸಿರ ಎಂದು ಶಾಸನಗಳು ಕರೆಯುವ ನಾಡಿನ ಉದ್ದಗಲಕ್ಕೂ ನೆಲೆಗೊಂಡಿತು. ಎತ್ತರವಾದ ಚಪ್ಪಡಿಯನ್ನು ಸಾಮಾನ್ಯವಾಗಿ ಮೂರು ಪಟ್ಟಿಕೆಗಳಾಗಿ ವಿಂಗಡಿಸಿ, ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿ ಶಾಸನವನ್ನು ಬರೆಯುತ್ತಿದ್ದರು. ಬರಹವನ್ನು ಮೇಲಿನಿಂದ ಕೆಳಕ್ಕೆ ಓದುವ ಅಭ್ಯಾಸದವರು ಇಲ್ಲಿ ಕಣ್ಣನ್ನು ತಿರುಗಿಸಿಕೊಳ್ಳಬೇಕು, ಏಕೆಂದರೆ ಚಿತ್ರಕಥೆ ನಡೆಯುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನದು ಕಾಳಗದ ನೆಲ: ವೀರನು ಕತ್ತಿ ಗುರಾಣಿಗಳೊಡನೆಯೋ ಬಿಲ್ಲು ಹಿಡಿದೋ ಕುದುರೆಯ ಮೇಲಿಂದಲೋ ಹೋರಾಡುತ್ತಾನೆ, ವೈರಿಗಳಿಗಿಂತ ದೊಡ್ಡದಾಗಿ ಅವನನ್ನು ಕೆತ್ತಿರುತ್ತಾರೆ, ಕಾಲಡಿಯಲ್ಲಿ ಬಿದ್ದ ಆಳುಗಳಿರುತ್ತಾರೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದೋ ವಿಮಾನದಲ್ಲಿ ಕೂರಿಸಿಯೋ ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸ ಸೇರಿ ಲಿಂಗದ ಮುಂದೆ ಕೈಮುಗಿದು ಕುಳಿತಿದ್ದು, ಇನ್ನೊಂದು ಬದಿಯಲ್ಲಿ ಅರ್ಚಕನೊಬ್ಬ ಪೂಜೆ ಮಾಡುತ್ತಿರುತ್ತಾನೆ, ಹತ್ತಿರದಲ್ಲಿ ನಂದಿ ಇರುತ್ತದೆ. ಗೆದ್ದವನಿಗೆ ಸಂಪತ್ತು, ಸತ್ತವನಿಗೆ ಸುರಾಂಗನೆ ಎಂಬ ಭಾವದ ಶ್ಲೋಕ ಅನೇಕ ವೀರಶಾಸನಗಳಲ್ಲಿ ಮರಳಿ ಮರಳಿ ಬರುವುದರಿಂದ ನಡುವಣ ಪಟ್ಟಿಕೆಯ ಹೆಂಗಸರು ಯಾರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೆಳಗೆ ಗಾಯಗೊಂಡು ಬಿದ್ದ ದೇಹ ಮೇಲಕ್ಕೆ ಹೋದಂತೆ ಆಯುಧಗಳನ್ನು ಕಳೆದುಕೊಂಡು, ಕೊನೆಯಲ್ಲಿ ಬರಿಗೈಯ ಭಕ್ತನಾಗಿ ನಿಲ್ಲುವ ಈ ಬದಲಾವಣೆಯೇ ವೀರಗಲ್ಲಿನ ನಿಜವಾದ ವಸ್ತು. ಕಾಳಗ ಅದರ ಪೀಠಿಕೆ ಮಾತ್ರ.

ಸಾವಿನ ಕಾರಣವನ್ನು ಕೆಳಗಿನ ಪಟ್ಟಿಕೆಯಲ್ಲಿಯೇ ಹುಡುಕಬೇಕು. ಯೋಧನ ಹಿಂದೆಯೋ ಪಕ್ಕದಲ್ಲೋ ಸಾಲಾಗಿ ದನಗಳಿದ್ದರೆ ಅದು ತುರುಗೋಳ್, ಎಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದ ಕಾಳಗ. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಇಂತಹ ಕಾಳಗಗಳು ರಾಜರ ಯುದ್ಧಗಳಿಗಿಂತ ಎಷ್ಟೋ ಹೆಚ್ಚಾಗಿ ಊರನ್ನು ತಟ್ಟುತ್ತಿದ್ದವು. ಹೆಣ್ಣುಮಕ್ಕಳ ಮಾನಕ್ಕೆ ಅಪಾಯ ಬಂದಾಗ ನಡೆದ ಕಾಳಗವನ್ನು ಶಾಸನಗಳು ಪೆಣ್ಬುಯ್ಯಲ್ ಎಂದೂ, ಊರಿಗೆ ಊರೇ ಲೂಟಿಯಾದುದನ್ನು ಊರಳಿವು ಎಂದೂ ಕರೆಯುತ್ತವೆ. ಹುಲಿ, ಕಾಡುಹಂದಿಗಳೊಡನೆ ಹೋರಾಡಿ ಸತ್ತವರ ಕಲ್ಲುಗಳಲ್ಲಿ ಎದುರಾಳಿಯ ಜಾಗದಲ್ಲಿ ಪ್ರಾಣಿಯೇ ಇರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಕಲ್ಲಿನಲ್ಲಿ ಮನುಷ್ಯನೇ ಇಲ್ಲ. ಕಾಳಿ ಎಂಬ ಬೇಟೆನಾಯಿ ಮತ್ತು ಹಂದಿ ಒಂದನ್ನೊಂದು ಕಚ್ಚಿ ಕಾದುವ ಚಿತ್ರವಷ್ಟೇ ಇದ್ದು, ಎರಡೂ ಸತ್ತುವೆಂದೂ ನಾಯಿಯ ಕಲ್ಲಿನ ಪೂಜೆಗೆ ಭೂಮಿ ಬಿಟ್ಟುದೆಂದೂ ಶಾಸನ ಹೇಳುತ್ತದೆ. ಹೋರಾಡಿ ಸತ್ತವರ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳಿವೆ. ಮೊದಲನೆಯದು ಚೆಲ್ಲಿದ ರಕ್ತಕ್ಕೆ ಕೊಟ್ಟ ಮಾನ್ಯ, ಎರಡನೆಯದು ಕತ್ತಿಯನ್ನು ತೊಳೆದು ಕೊಟ್ಟ ದತ್ತಿ. ಆದ್ದರಿಂದ ವೀರಗಲ್ಲನ್ನು ಗೌರವದ ಗುರುತೆಂದು ಮಾತ್ರ ಎಣಿಸದೆ, ಒಂದು ಮನೆತನದ ಭೂಹಕ್ಕಿನ ದಾಖಲೆಯಾಗಿಯೂ ಓದಬೇಕಾಗುತ್ತದೆ.

ಮಡಿದವನ ಮನೆತನದ ಧರ್ಮವನ್ನು ಮೇಲಿನ ಪಟ್ಟಿಕೆ ಹೇಳುತ್ತದೆ. ಬನವಾಸಿ ನಾಡಿನಲ್ಲಿ ಶೈವ ಪ್ರಭಾವ ಬಲವಾಗಿದ್ದುದರಿಂದ ಲಿಂಗವೇ ಹೆಚ್ಚು, ಜೈನ ವೀರನ ಕಲ್ಲಾದರೆ ಅದೇ ಜಾಗದಲ್ಲಿ ಪದ್ಮಾಸನದ ಜಿನನಿರುತ್ತಾನೆ. ತಲೆಯ ಮೇಲಿನ ಕೊಡೆ, ಚಾಮರ ಬೀಸುವವರು, ಕುದುರೆ ಇವು ಅಂತಸ್ತಿನ ಗುರುತುಗಳು. ತುದಿಯ ಎರಡು ಮೂಲೆಗಳ ಸೂರ್ಯಚಂದ್ರರು ಅವರಿರುವಷ್ಟು ಕಾಲ ಈ ಕೀರ್ತಿಯೂ ಈ ದತ್ತಿಯೂ ನಿಲ್ಲಲಿ ಎಂಬ ಆಚಂದ್ರಾರ್ಕ ಕಲ್ಪನೆಯನ್ನು ಸೂಚಿಸುತ್ತಾರೆ. ತೊಡಕು ಹುಟ್ಟುವುದೂ ಇಲ್ಲಿಯೇ. ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು, ಕತ್ತಿ ಇವು ದಾನಶಾಸನಗಳ ತಲೆಯ ಮೇಲೂ ಸಾಲಾಗಿ ಬರುವುದರಿಂದ, ಅಕ್ಷರ ಸವೆದ ದಾನಶಾಸನವನ್ನು ವೀರಗಲ್ಲೆಂದು ಗುರುತಿಸಿಬಿಡುವುದು ಸುಲಭ. ಕೆಳಭಾಗದಲ್ಲಿ ಕಾಳಗವಾಗಲಿ ನಡುವೆ ಸ್ವರ್ಗಾರೋಹಣವಾಗಲಿ ಇಲ್ಲದಿದ್ದರೆ ಅದು ಭೂಮಿಯ ಮಾತು, ಸಾವಿನ ಮಾತಲ್ಲ. ಗದ್ದೆಯ ಅಂಚಿನಲ್ಲಿ ಬರಿಯ ಲಿಂಗವನ್ನು ಹೊತ್ತು ನಿಂತ ಲಿಂಗಮುದ್ರೆಯ ಕಲ್ಲೂ, ಕೊಡೆ ಹಿಡಿದ ಕುಳ್ಳ ವಾಮನನನ್ನು ಹೊತ್ತ ವಾಮನಮುದ್ರೆಯ ಕಲ್ಲೂ ದೇವಸ್ಥಾನ ಮತ್ತು ಬ್ರಾಹ್ಮಣರ ಭೂಮಿಯ ಗಡಿಯನ್ನು ತೋರಿಸುವಂಥವು. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆ ಇದಕ್ಕೆ ಇನ್ನೊಂದು ಒಳ್ಳೆಯ ಎಚ್ಚರಿಕೆ: ಕಂಡವರು ಅದನ್ನು ಯಾರದೋ ನೆನಪಿನ ಕಲ್ಲೆಂದು ಊಹಿಸಬಹುದಾದರೂ ಅದರ ಪ್ರಾಕೃತ ಶಾಸನ ಚುಟು ವಂಶದ ರಾಜಕುಮಾರಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟುದನ್ನು ದಾಖಲಿಸುತ್ತದೆ, ಕೆತ್ತಿದ ನಟಕನೆಂಬ ಶಿಲ್ಪಿಯ ಹೆಸರನ್ನೂ ಹೇಳುತ್ತದೆ.

ಯುದ್ಧವಿಲ್ಲದೆ ತಾವಾಗಿಯೇ ಪ್ರಾಣ ಕೊಟ್ಟವರ ಕಲ್ಲುಗಳು ಬೇರೊಂದು ಗುಂಪು. ಬಾಗಿಸಿದ ಗಳುವಿನ ತುದಿಗೆ ಜುಟ್ಟನ್ನು ಕಟ್ಟಿಸಿಕೊಂಡು ಕುಳಿತವನ ಕೊರಳನ್ನು ಕತ್ತರಿಸಿದಾಗ ತಲೆ ಸಿಡಿದು ಮೇಲಕ್ಕೆ ಹೋಗುವ ಸಿಡಿತಲೆಯ ಹರಕೆಯನ್ನು ಮಲೆನಾಡಿನ ಕೆಲವು ಕಲ್ಲುಗಳು ಯಾವ ಮುಚ್ಚುಮರೆಯೂ ಇಲ್ಲದೆ ತೋರಿಸುತ್ತವೆ. ಒಡೆಯನೊಡನೆ ಸಾಯುವ ಭಾಷೆ ಕೊಟ್ಟವರನ್ನು ವೇಳೆವಾಳಿಗಳೆಂದೂ ಗರುಡರೆಂದೂ ಕರೆಯುತ್ತಿದ್ದರು. ಹಳೇಬೀಡಿನಲ್ಲಿ ಇಮ್ಮಡಿ ಬಲ್ಲಾಳನೊಡನೆ ಪ್ರಾಣ ಬಿಟ್ಟ ಕುವರಲಕ್ಷ್ಮನ ಕಂಬ ಇದರ ಪ್ರಸಿದ್ಧ ನಿದರ್ಶನ.

ಮಾಸ್ತಿಕಲ್ಲು ಗಂಡನ ಚಿತೆಯನ್ನೇರಿದ ಹೆಂಗಸಿನ, ಎಂದರೆ ಮಹಾಸತಿಯ, ಸ್ಮಾರಕ. ಇದರ ಮುಖ್ಯ ಚಿಹ್ನೆ ಕಂಬವೊಂದರಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ಬಲತೋಳು. ಅಂಗೈ ತೆರೆದಿರುತ್ತದೆ, ಹೆಬ್ಬೆರಳಿನ ಸಂದಿಯಲ್ಲಿ ನಿಂಬೆಹಣ್ಣು ಇರುತ್ತದೆ, ಮಣಿಕಟ್ಟಿನ ತುಂಬ ಬಳೆಗಳಿರುತ್ತವೆ. ಇಡೀ ಚಿತ್ರದಲ್ಲಿ ಹೆಚ್ಚು ಹೇಳುವುದು ಈ ಬಳೆಗಳೇ, ಏಕೆಂದರೆ ಗಂಡ ಸತ್ತಾಗ ಒಡೆಯಬೇಕಾದ ಬಳೆಗಳು ಇಲ್ಲಿ ಒಡೆಯದೆ ಉಳಿದು, ಅವಳು ಮುತ್ತೈದೆಯಾಗಿಯೇ ಹೋದಳೆಂದು ಸಾರುತ್ತವೆ. ನಿಂಬೆಹಣ್ಣು ಕೆಡುಕನ್ನು ದೂರವಿಡುವ ವಸ್ತುವಾಗಿ ಮಂಗಳಕಾರ್ಯ, ಬಲಿ ಎರಡರಲ್ಲಿಯೂ ಬಳಕೆಯಲ್ಲಿದ್ದುದು. ಕೆಲವು ಕಲ್ಲುಗಳಲ್ಲಿ ಕಾಣುವ ಕನ್ನಡಿ ಅಲಂಕಾರಗೊಂಡ ಮದುವಣಗಿತ್ತಿಯನ್ನು ನೆನಪಿಸುತ್ತದೆ. ವೀರಗಲ್ಲಿನಲ್ಲಿಯೇ ಸತಿಯನ್ನೂ ಸೇರಿಸಿದಾಗ ಮೇಲಿನ ಪಟ್ಟಿಕೆಗಳಲ್ಲಿ ಗಂಡನ ಪಕ್ಕಕ್ಕೆ ಹೆಂಡತಿ ಬರುತ್ತಾಳೆ, ಕೆಲವೊಮ್ಮೆ ಮಡಿಸಿದ ತೋಳನ್ನು ಮಾತ್ರ ಬದಿಯಲ್ಲಿ ಕೆತ್ತಿ ಬಿಟ್ಟಿರುತ್ತಾರೆ. ಈ ಕಲ್ಲುಗಳನ್ನು ನಿಲ್ಲಿಸಿದವರು ಉಳಿದವರು, ಆದ್ದರಿಂದ ಚಿಹ್ನೆಗಳು ಹೇಳುವುದು ಮನೆತನ ಬಯಸಿದ ಮಾತನ್ನು. ಹೆಣ್ಣಿನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅವುಗಳಿಂದ ತಿಳಿಯಲಾಗದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ಇದಕ್ಕೆ ಅಪರೂಪದ ಅಪವಾದ. ದೇಕಬ್ಬೆಯನ್ನು ಹೆತ್ತವರು ತಡೆದುದನ್ನೂ ಅವಳು ಕೇಳದೆ ಬೆಂಕಿಯನ್ನು ಹೊಕ್ಕುದನ್ನೂ ಅದು ವಿಸ್ತಾರವಾಗಿ ಹೇಳುತ್ತದೆ.

ನಿಷಿಧಿ ಅಥವಾ ನಿಸಿದಿ ಜೈನರ ಸ್ಮಾರಕ. ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ ಶಾಂತಚಿತ್ತದಿಂದ ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ವ್ರತದಿಂದ ಮುಡಿಪಿದವರಿಗೆ ಇದನ್ನು ನಿಲ್ಲಿಸುತ್ತಾರೆ. ಪಟ್ಟಿಕೆಗಳ ಏರ್ಪಾಟು ವೀರಗಲ್ಲಿನದನ್ನೇ ಹೋಲುತ್ತದೆ: ಕೆಳಗೆ ವ್ರತ ಹಿಡಿದವರು ಗುರುವಿನ ಎದುರು ಕುಳಿತಿರುತ್ತಾರೆ, ನಡುವೆ ಗ್ರಂಥವನ್ನಿಟ್ಟ ವ್ಯಾಸಪೀಠವಿರುತ್ತದೆ, ಮುನಿಯ ಬಳಿ ಕಮಂಡಲು ಮತ್ತು ನವಿಲುಗರಿಯ ಪಿಂಛ ಇರುತ್ತವೆ, ತುದಿಯಲ್ಲಿ ಚಾಮರಧಾರಿಗಳ ನಡುವೆ ತೀರ್ಥಂಕರ. ಕಾಳಗವಿರಬೇಕಾದ ಜಾಗದಲ್ಲಿ ಉಪದೇಶವನ್ನು ಕೂರಿಸಿದ ಶಿಲ್ಪಿ, ವ್ರತವನ್ನೂ ಒಂದು ಗೆಲುವಾಗಿ ಕಂಡನೆಂಬುದು ಸ್ಪಷ್ಟ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಇಂತಹ ಶಾಸನಗಳ ದೊಡ್ಡ ಪರಂಪರೆಯೇ ಇದೆ. ಘಟ್ಟದ ಮೇಲಿನ ಈ ಸೀಮೆಯಲ್ಲಿ ಜೈನಧರ್ಮ ಕೊನೆಯವರೆಗೂ ಉಳಿದ ನೆಲೆಗಳು ಎರಡು. ಒಂದು, ಭಟ್ಟಾಕಳಂಕರ ಪೀಠವಿರುವ ಸೋಂದೆಯ ಸ್ವಾದಿ ಜೈನಮಠ, ಇನ್ನೊಂದು, ಶ್ವೇತಪುರವೆಂದು ಹೆಸರಾಗಿದ್ದ ಸಿದ್ದಾಪುರ ತಾಲ್ಲೂಕಿನ ಬಿಳಗಿ. ಬಿಳಗಿಯ ಅರಸರು ಕಟ್ಟಿಸಿದ ರತ್ನತ್ರಯ ಬಸದಿ ಇಂದಿಗೂ ನಿಂತಿದೆ. ಸ್ವಾದಿ ಮಠದ ಪರಿಸರದಲ್ಲಿ ಭಟ್ಟಾರಕರ, ಎಂದರೆ ಪೀಠಾಧಿಪತಿಗಳ, ನಿಷಿಧಿಗಳಿವೆ. ಈಚಿನ ಕಾಲದ ನಿಷಿಧಿಗಳಲ್ಲಿ ಸಾಮಾನ್ಯವಾಗಿ ಕಥೆಯ ಪಟ್ಟಿಕೆಗಳು ಮರೆಯಾಗಿ, ಮಂಟಪ ಅಥವಾ ಕಟ್ಟೆಯ ಮೇಲೆ ಕೆತ್ತಿದ ಒಂದು ಜೊತೆ ಪಾದಗಳಷ್ಟೇ ಉಳಿಯುತ್ತವೆ.

ದೇಹದ ಮೇಲೆ ನಿಂತ ಸ್ಮಾರಕಗಳಲ್ಲಿ ಈ ಸೀಮೆಗೆ ಅತ್ಯಂತ ಹೆಸರು ತಂದುದು ಸೋಂದೆಯ ವಾದಿರಾಜರ ಬೃಂದಾವನ. ಸನ್ಯಾಸಿ ತನ್ನ ಅಗ್ನಿಕಾರ್ಯಗಳನ್ನು ಬಿಟ್ಟವನಾದ್ದರಿಂದ ಅವನಿಗೆ ಚಿತೆಯಿಲ್ಲ. ದೇಹವನ್ನು ಕುಳಿತ ಭಂಗಿಯಲ್ಲಿ ಭೂಸ್ಥಾಪನೆ ಮಾಡುತ್ತಾರೆ. ಮಾಧ್ವ ಯತಿಗಳಿಗೆ ಅದರ ಮೇಲೆ ತುಳಸಿಕಟ್ಟೆಯ ಆಕಾರದ ಕಲ್ಲಿನ ರಚನೆಯನ್ನು ಎಬ್ಬಿಸುವುದು ರೂಢಿ. ಚೌಕಾಕಾರದ ಪೀಠ, ಅದರ ಮೇಲೆ ಒಳಕ್ಕೆ ಸರಿದು ಮತ್ತೆ ಹೊರಚಾಚುವ ಅಚ್ಚುಗಳು, ನಡುವೆ ದಿಂಡು, ನೆತ್ತಿಯಲ್ಲಿ ತುಳಸಿಗೆ ಜಾಗ, ಇಷ್ಟು ಅದರ ಅಂಗಗಳು. ಪಕ್ಕಗಳಲ್ಲಿ ಕೆತ್ತುವುದು ಯತಿಯ ಉಪಾಸ್ಯ ದೇವತೆಗಳನ್ನು, ಯತಿಯನ್ನಲ್ಲ. ಅರಸಪ್ಪ ನಾಯಕನ ಆಶ್ರಯದಲ್ಲಿ ಸೋಂದೆಯಲ್ಲಿ ನೆಲೆಸಿ ತ್ರಿವಿಕ್ರಮ ದೇವಾಲಯವನ್ನು ಸ್ಥಾಪಿಸಿದ ವಾದಿರಾಜರು 1600ರಲ್ಲಿ ಬೃಂದಾವನಸ್ಥರಾದರು. ಅವರು ಸಶರೀರರಾಗಿಯೇ ಬೃಂದಾವನವನ್ನು ಪ್ರವೇಶಿಸಿದರೆಂಬುದು ಮಠದ ನಂಬಿಕೆ. ನಡುವೆ ಒಂದು, ಸುತ್ತ ನಾಲ್ಕು ಹೀಗೆ ಐದು ಬೃಂದಾವನಗಳಿರುವುದರಿಂದ ಇದಕ್ಕೆ ಪಂಚಬೃಂದಾವನ ಎಂಬ ಹೆಸರು ಬಂದಿದೆ. ಬೃಂದಾವನಗಳಲ್ಲಿಯೂ ಸರಳತೆಗೆ ಒಂದು ಮಿತಿ ಇದ್ದಿತೆಂಬುದಕ್ಕೆ ಆನೆಗೊಂದಿಯ ನವಬೃಂದಾವನದ ನಡುಗಡ್ಡೆಯಲ್ಲಿ 1539ರಲ್ಲಿ ಬೃಂದಾವನಸ್ಥರಾದ ವ್ಯಾಸರಾಯರ ಅಲಂಕೃತ ರಚನೆ ಸಾಕ್ಷಿ. 2019ರ ಜುಲೈಯಲ್ಲಿ ಕಿಡಿಗೇಡಿಗಳು ಅದನ್ನು ಕೆಡವಿದಾಗ ಭಕ್ತರು ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು.

ಅದ್ವೈತ ಮಠಗಳಲ್ಲಿ ಯತಿಯ ಸಮಾಧಿಯ ಮೇಲೆ ಲಿಂಗವನ್ನು ಪ್ರತಿಷ್ಠಿಸುತ್ತಾರೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯ ಇಂತಹ ಸಮಾಧಿಯ ನೆನಪು ದೊಡ್ಡ ಗುಡಿಯಾಗಿ ಬೆಳೆದ ಉದಾಹರಣೆ. ವೀರಶೈವರಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೇಹವನ್ನು ಪದ್ಮಾಸನದಲ್ಲಿ ಕೂರಿಸಿ, ವಿಭೂತಿ ತುಂಬಿ ಮುಚ್ಚುತ್ತಾರೆ. ಗುರುಗಳಾದರೆ ಮೇಲೆ ಗದ್ದುಗೆ ಏಳುತ್ತದೆ. ಗದ್ದುಗೆಯ ಲಿಂಗವೂ ವೀರಗಲ್ಲಿನ ಲಿಂಗವೂ ಆಕಾರದಲ್ಲಿ ಒಂದೇ ಆದರೂ, ವೀರಗಲ್ಲಿನ ಲಿಂಗ ಸತ್ತವನು ತಲುಪಿದ ದೇವರು, ಗದ್ದುಗೆಯ ಲಿಂಗ ಸತ್ತವನೇ ಆದ ದೇವರು. ಸೋಂದೆಯ ನಾಯಕರ ಪುಟ್ಟ ರಾಜ್ಯದಲ್ಲಿ, 1760ರ ದಶಕದಲ್ಲಿ ಹೈದರಾಲಿಯ ದಂಡು ಬಂದು ಅರಸರು ಗೋವೆಯ ಕಡೆಗೆ ಹೋಗುವವರೆಗೂ, ಜೈನ, ಮಾಧ್ವ, ಸ್ಮಾರ್ತ, ವೀರಶೈವ ಮಠಗಳು ಒಟ್ಟಿಗೆ ಇದ್ದುದರಿಂದ ಸಾವಿನ ಈ ನಾಲ್ಕು ಬಗೆಯ ಗುರುತುಗಳನ್ನು ಕೆಲವೇ ಮೈಲಿಗಳ ಒಳಗೆ ಹೋಲಿಸಿ ನೋಡುವ ಅವಕಾಶ ಇಲ್ಲಿದೆ. ಈ ನಾಲ್ಕರ ಆಚೆಗೆ, ದಖ್ಖನಿನ ಮುಸ್ಲಿಂ ಗೋರಿಗಳಲ್ಲಿ ಮೇಲ್ಮೈ ನಡುವೆ ಲೇಖನಿಯ ಪೆಟ್ಟಿಗೆಯಂತೆ ಉಬ್ಬಿದ್ದರೆ ಗಂಡಸಿನದೆಂದೂ, ಹಲಗೆಯಂತೆ ಚಪ್ಪಟೆಯಾಗಿದ್ದರೆ ಹೆಂಗಸಿನದೆಂದೂ ಗುರುತಿಸುವ ವಾಡಿಕೆಯಿದೆ. ಶ್ರೀರಂಗಪಟ್ಟಣದ ಐರೋಪ್ಯ ಸೈನಿಕರ ಸ್ಮಶಾನದಂತಹ ಕಡೆಗಳಲ್ಲಿ ಶಿಲುಬೆ, ಚೂಪುಗಂಬಗಳ ಬೇರೊಂದು ಭಾಷೆ ಕಾಣಿಸುತ್ತದೆ. ಯಲ್ಲಾಪುರದ ಕಾಡಿನಂಚಿನ ಸಿದ್ದಿ ಸಮುದಾಯದವರು ಮನೆಯೊಳಗೆ ತೆಂಗಿನಕಾಯಿಯನ್ನಿಟ್ಟು ಹಿರಿಯರನ್ನು ಪೂಜಿಸುವ ಕ್ರಮಕ್ಕೆ ಕೆತ್ತಿದ ಕಲ್ಲಿನ ಅಗತ್ಯವೇ ಬೀಳುವುದಿಲ್ಲ.

ಕೆತ್ತಿದವರ ಉದ್ದೇಶ ಮರೆತುಹೋದ ಮೇಲೆ ಕಲ್ಲುಗಳಿಗೆ ಎರಡನೆಯ ಅರ್ಥ ಕೂಡಿಕೊಂಡಿತು. ಮಲೆನಾಡಿನ ಹಳ್ಳಿಗಳಲ್ಲಿ ಅನೇಕ ವೀರಗಲ್ಲುಗಳು ಜಟಗ, ಬೀರಪ್ಪ, ಹುಲಿದೇವರುಗಳಾಗಿ, ಮಾಸ್ತಿಕಲ್ಲುಗಳು ಮಾಸ್ತಿಯಮ್ಮನಾಗಿ ಕಾಯಿ, ಕುಂಕುಮ, ಎಣ್ಣೆಗಳನ್ನು ಪಡೆಯುತ್ತಿವೆ. ಹುಲಿಯೊಡನೆ ಹೋರಾಡಿ ಸತ್ತವನ ಕಲ್ಲಿನಲ್ಲಿ ಕಾಲಾಂತರದಲ್ಲಿ ಹುಲಿಯೇ ದೇವರಾಗಿ, ಹೋರಾಡಿದವನು ಅದರ ಪರಿವಾರವಾಗುವುದೂ ಉಂಟು. ವಿದ್ವಾಂಸರು ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಾಗದು. ಮಡಿದವನಿಗೆ ಪೂಜೆ ನಡೆಯಬೇಕೆಂದೇ ಆತಕೂರಿನಂತಹ ಶಾಸನಗಳು ವಿಧಿಸಿದ್ದುವು, ಮತ್ತು ಪೂಜೆ ನಿಂತ ಕಲ್ಲುಗಳೇ ಬಾವಿಯ ಕಟ್ಟೆಗೆ, ತೋಟದ ಸಂಕಕ್ಕೆ, ಬಟ್ಟೆ ಒಗೆಯುವ ಹಾಸುಗಲ್ಲಿಗೆ ಹೋಗಿ ಸೇರಿದುವು. ಆದರೆ ಪೂಜೆಗೊಳ್ಳುವ ಕಲ್ಲಿನ ಮೇಲೆ ಎಣ್ಣೆಯೂ ಸುಣ್ಣವೂ ಪದರಗಟ್ಟಿ ಅಕ್ಷರಗಳು ಮುಚ್ಚಿಹೋಗುತ್ತವೆ, ತಂತಿಬ್ರಷ್‌ನಿಂದ ಉಜ್ಜಿದರೆ ಪದರದೊಡನೆ ಅಕ್ಷರವೂ ಏಳುತ್ತದೆ. ಮಳೆಗಾಲದ ಪಾಚಿ ಇನ್ನೊಂದು ತೊಂದರೆ. ಈ ಸೀಮೆಯ ನೆಲದಲ್ಲಿ ಧಾರಾಳವಾಗಿ ಸಿಗುವ ಜಂಬಿಟ್ಟಿಗೆ ಕಲ್ಲು ತೂತುತೂತಾಗಿದ್ದು ನಯವಾದ ಕೆತ್ತನೆಗೆ ಒದಗದು. ಕುಸುರಿ ಕೆಲಸಕ್ಕೆ ಬಳಪದ ಕಲ್ಲಿನಂತಹ ಮೆದು ಶಿಲೆಗಳನ್ನೇ ಆಯಬೇಕಾಗಿತ್ತು, ಅವು ಕೆತ್ತಲು ಸುಲಭವಾದಂತೆ ಸವೆಯುವುದಕ್ಕೂ ಸುಲಭ.

ಬರಹವಿಲ್ಲದ ಕಲ್ಲುಗಳ ಕಾಲವನ್ನು ಆಯುಧ, ಕೇಶಬಂಧ, ಉಡುಪು, ಪಟ್ಟಿಕೆಗಳ ಸಂಖ್ಯೆ, ಕಲ್ಲಿನ ತಲೆಯ ಆಕಾರ ಇವುಗಳಿಂದ ಸ್ಥೂಲವಾಗಿ ಊಹಿಸಬಹುದು. ಗಂಗರ ಕಾಲದ ಕಲ್ಲುಗಳಲ್ಲಿ ಒಂದೇ ದೃಶ್ಯವಿರುವುದು ಸಾಮಾನ್ಯ, 11-12ನೆಯ ಶತಮಾನಗಳ ವೇಳೆಗೆ ಪಟ್ಟಿಕೆಗಳು ಹೆಚ್ಚುತ್ತವೆ, ಈಚಿನವುಗಳಲ್ಲಿ ಕೆತ್ತನೆ ಒರಟಾಗುತ್ತದೆ. ಇಲ್ಲಿಯೂ ಹೋಲಿಕೆಗೆ ಬೇಕಾದ ಸಾಮಗ್ರಿ ಸಮನಾಗಿ ಹಂಚಿಹೋಗಿಲ್ಲ. ಬನವಾಸಿಗೆ ಹೊಂದಿಕೊಂಡ ಸೊರಬ, ಸಾಗರ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿನ ನೂರಾರು ವೀರಶಾಸನಗಳನ್ನು ಬಿ. ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ ಪ್ರಕಟಿಸಿದರು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಹೋದ ಶಿರಸಿ ಸೀಮೆ ಆ ಮಾಲೆಯ ಹೊರಗುಳಿದು, 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಕೆಲಸದವರೆಗೆ ಕಾಯಬೇಕಾಯಿತು. ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ (1966), 1982ರಲ್ಲಿ ಬಂದ ಆರ್. ಶೇಷಶಾಸ್ತ್ರಿಗಳ ವೀರಗಲ್ಲುಗಳ ಗ್ರಂಥ, ಅದೇ ವರ್ಷ ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಇವು ಚಿಹ್ನೆಗಳ ಓದಿಗೆ ಗಟ್ಟಿ ತಳಹದಿಯನ್ನು ಹಾಕಿದುವು. ರಸ್ತೆ ಅಗಲ ಮಾಡುವಾಗಲೋ ಗುಡಿಯನ್ನು ಹೊಸದಾಗಿ ಕಟ್ಟುವಾಗಲೋ ಕಿತ್ತು ತಂದು ಒಂದೆಡೆ ಸಾಲಾಗಿ ಒರಗಿಸಿಟ್ಟ ಕಲ್ಲುಗಳಲ್ಲಿ ಪಟ್ಟಿಕೆಗಳೂ ಅಕ್ಷರಗಳೂ ಉಳಿದಿರುತ್ತವೆ. ಆದರೆ ಕಲ್ಲು ಮೊದಲು ಕೆರೆಯ ಏರಿಯ ಮೇಲಿತ್ತೋ ಊರ ಬಾಗಿಲಿನಲ್ಲಿತ್ತೋ ಎಂಬ ಮಾಹಿತಿಯನ್ನು ಸ್ಥಳಾಂತರದ ಹೊತ್ತಿನಲ್ಲಿಯೇ ಬರೆದಿಡದಿದ್ದರೆ, ದನ ಕಾಯ್ದು ಸತ್ತವನು ಯಾವ ಊರ ದನಗಳಿಗಾಗಿ ಸತ್ತನೆಂಬುದನ್ನು ಆಮೇಲೆ ಕಲ್ಲಿನಿಂದ ತಿಳಿಯುವ ದಾರಿ ಇರುವುದಿಲ್ಲ.